ಗೋಡೆಯ ಮೇಲೆ ಬೀಳದ ಚುಕ್ಕೆ

ಪುರಸಭೆಯ ಉಪಕರಣ ಖರೀದಿ ಅಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಏಳಲಿಲ್ಲ, ಕ್ಷಮಿಸಿ. ನನ್ನ ಗುಜರಿ ಅಂಗಡಿಯ ಹಿಂದಿರುವ ತಗಡಿನ ಕೋಣೆಯಲ್ಲಿ ನನ್ನ ನಾಯಿ ಕೆಂಪಿ ಹುಚ್ಚು ಹಿಡಿದು ಸಾಯುತ್ತಿದ್ದಾಳೆ. ಒಂದೇ ಗುಂಡಿನಲ್ಲಿ ಅವಳ ಸಂಕಟ ಮುಗಿಸಬಲ್ಲ ಮನುಷ್ಯನನ್ನು ನೀವು ಅಮಾನತು ಮಾಡಿ ಮನೆಯಲ್ಲಿ ಕೂರಿಸಿದ್ದೀರಿ. ಆತ ಆರಿಸಿ ತಂದ ಸಾಧನವನ್ನು ತಿರಸ್ಕರಿಸಿದ್ದೀರಿ. ಕಾರಣ ಇಷ್ಟೇ: ಬಂದೂಕಿನ ಮೇಲೆ ಕೂರಿಸುವ ಕೆಂಪು ಚುಕ್ಕೆಯ ಗಾಜು ಹೇಗೆ ಕೆಲಸ ಮಾಡುತ್ತದೆಂದು ನಿಮಗೆ ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಕೇಳಲು ನಿಮ್ಮ ಕುರ್ಚಿ ಬಿಡಲಿಲ್ಲ.

ನಮ್ಮ ಬೀದಿಯ ಮಕ್ಕಳು ಆತನನ್ನು ನಾಯಿಮಾಮ ಎನ್ನುತ್ತಾರೆ, ನಾನು ಅಣ್ಣ ಎನ್ನುತ್ತೇನೆ. ಹುಚ್ಚು ಹಿಡಿದ, ಲಾರಿಗೆ ಸಿಕ್ಕಿ ನರಳುವ ಪ್ರಾಣಿಗಳನ್ನು ಕೊಲ್ಲುವುದು ಅವರ ನೌಕರಿ. ಮಹಾ ಬಾಯಿಬಡುಕ, ಕೊಚ್ಚಿಕೊಳ್ಳುವುದರಲ್ಲಿ ಎತ್ತಿದ ಕೈ, ನಕ್ಕರೆ ನಾಲ್ಕು ಮನೆಗೆ ಕೇಳಬೇಕು. ಆದರೆ ಕೆಲಸ ಮುಗಿಸಿದ ದಿನ ಮಾತ್ರ ತುಟಿ ಬಿಚ್ಚುವುದಿಲ್ಲ. ನೀವು ಕೊಟ್ಟಿರುವುದು ಸಣ್ಣ ಗುಂಡಿನ ರಿಮ್‌ಫೈರ್ ರೈಫಲ್. ಬೀದಿಯಲ್ಲಿ ದೊಡ್ಡ ಬಂದೂಕು ಹಾರಿಸುವಂತಿಲ್ಲ, ಸರಿ. ಆದರೆ ಗುಂಡು ಸಣ್ಣದಾದರೆ ಅದು ಬೀಳಬೇಕಾದ ಜಾಗಕ್ಕೇ ಬೀಳಬೇಕು. ಎರಡು ಬೆರಳಗಲ ತಪ್ಪಿದರೆ ಪ್ರಾಣಿ ಸಾಯುವುದಿಲ್ಲ, ಯಮಯಾತನೆ ಪಡುತ್ತದೆ. ಅಣ್ಣನ ಕಣ್ಣಿಗೆ ವಯಸ್ಸಾಗಿದೆ. "ಕನ್ನಡಕ ಹಾಕಿದ್ರೆ ನಳಿಗೆ ತುದಿ ಕಾಣುತ್ತೆ, ತೆಗೆದ್ರೆ ನಾಯಿ ಕಾಣುತ್ತೆ. ಎರಡನ್ನೂ ಒಟ್ಟಿಗೆ ನೋಡೋಕೆ ನಾನೇನು ಎರಡು ತಲೆ ಇಟ್ಕೊಂಡು ಹುಟ್ಟಿದೀನಾ ತಂಗೀ?" ಎಂದು ನನ್ನೆದುರು ಗೊಣಗುತ್ತಿದ್ದರು.

ಅದಕ್ಕೇ ಅವರು ರೆಡ್ ಡಾಟ್ ಸೈಟ್, ಅಂದರೆ ಆ ಕೆಂಪು ಚುಕ್ಕೆಯ ಗಾಜು, ಕೇಳಿದ್ದು. ಶೋಕಿಗಲ್ಲ. ಕ್ರೀಡಾ ಬಂದೂಕುಗಳ ಅಂಗಡಿಯವನು ಮೂರು ಬಗೆಯವನ್ನು ನೋಡಲು ಕೊಟ್ಟ. ನನ್ನ ಅಂಗಳದ ಹಿಂದೆ ಮಣ್ಣಿನ ದಿಬ್ಬಕ್ಕೆ ಬಣ್ಣದ ಡಬ್ಬಗಳ ಮುಚ್ಚಳ ಒರಗಿಸಿ, ಕೆಲಸದವರನ್ನೆಲ್ಲ ಹೊರಗೆ ಕಳಿಸಿ, ಅವನ್ನು ಒಂದೊಂದಾಗಿ ಪರೀಕ್ಷಿಸಿದೆವು. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಚುಕ್ಕೆ ಎಷ್ಟು ದಪ್ಪವೆಂದರೆ ಮುಚ್ಚಳವೇ ಅದರ ಹಿಂದೆ ಅಡಗಿಹೋಗುತ್ತಿತ್ತು. ಹತ್ತು ಗುಂಡು ಹಾರುವಷ್ಟರಲ್ಲಿ ಗುರಿ ಎಡಕ್ಕೆ ಸರಿದಿತ್ತು. ಎರಡನೆಯದು ಸೈನ್ಯದವರು ಬಳಸುವಂಥದು, ಬೆಲೆ ಬಂದೂಕಿಗಿಂತ ಜಾಸ್ತಿ. "ಇದೊಳ್ಳೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಆಯ್ತು. ಈ ಬಂದೂಕು ಭುಜಕ್ಕೆ ಒದೆಯೋದೇ ಇಲ್ಲ, ಅಷ್ಟು ಗಟ್ಟಿದು ಯಾಕೆ? ದುಡ್ಡೇನು ಮರದಲ್ಲಿ ಬಿಡುತ್ತಾ?" ಎಂದು ಅಣ್ಣನೇ ಪಕ್ಕಕ್ಕಿಟ್ಟರು. ಹೌದು, ಪುರಸಭೆಯ ದುಡ್ಡನ್ನು ಉಳಿಸಿದ್ದು ನೀವು ಅಮಾನತು ಮಾಡಿದ ಮನುಷ್ಯ.

ಮೂರನೆಯದು ಮಧ್ಯಮ ಬೆಲೆಯದು. ಚುಕ್ಕೆ ಸಣ್ಣದು. ಬಿಸಿಲಿಗೆ ಹೆಚ್ಚಿಸಬಹುದು, ಕತ್ತಲ ಮೂಲೆಗೆ ತಗ್ಗಿಸಬಹುದು. ಆ ರೈಫಲಿನ ನೆತ್ತಿಯ ಕಿರಿದಾದ ತೋಡಿಗೆ ಅದರ ಹಿಡಿಕೆ ಸರಿಯಾಗಿ ಕೂತಿತು. ಬಿಚ್ಚಿ ಮತ್ತೆ ಕೂರಿಸಿದರೂ ಗುಂಡು ಮೊದಲಿನ ತೂತಿನ ಪಕ್ಕದಲ್ಲೇ ಬಿತ್ತು. ನಾನೂ ಕಣ್ಣಿಟ್ಟು ನೋಡಿದೆ. ಗಾಜಿನೊಳಗೆ ಸಣ್ಣ ಕೆಂಪು ಚುಕ್ಕೆ ತೇಲುತ್ತಿತ್ತು, ದೂರದ ಮುಚ್ಚಳವೂ ನಿಚ್ಚಳವಾಗಿತ್ತು. ಕಣ್ಣು ತೆಗೆದು ನೋಡಿದರೆ ಮುಚ್ಚಳದ ಮೇಲೆ ಏನೂ ಇಲ್ಲ. ಆ ಚುಕ್ಕೆ ಗುರಿಯ ಮೇಲೆ ಬೀಳುವುದಿಲ್ಲ, ಅದು ಕಾಣುವುದು ಗಾಜಿನೊಳಗೆ ನೋಡುವವರಿಗೆ ಮಾತ್ರ. ಒಂದು ಸಲ ಕಣ್ಣಿಟ್ಟರೆ ಯಾರಿಗಾದರೂ ಅರ್ಥವಾಗುತ್ತದೆ.

ಆದರೆ ತಾವು ಕಣ್ಣಿಡಲಿಲ್ಲ! ಪರೀಕ್ಷೆ ನಡೆದ ಅಂಗಳ ನನ್ನದಾದ್ದರಿಂದ ಅಣ್ಣನ ಜೊತೆ ನಾನೂ ನಿಮ್ಮ ಕೊಠಡಿಗೆ ಬಂದಿದ್ದೆ, ನೆನಪಿದೆಯೇ? ತಾವು ಆ ಸಾಧನವನ್ನು ಟಾರ್ಚಿನಂತೆ ಹಿಡಿದು ಗೋಡೆಗೆ ತೋರಿಸಿದಿರಿ. "ಎಲ್ರೀ ಚುಕ್ಕೆ? ಬೀಳ್ತಾನೇ ಇಲ್ವಲ್ಲ!" ಎಂದಿರಿ.

"ಸಾರ್, ಅದು ಬೀಳೋದಲ್ಲ. ಒಳಗೆ ನೋಡ್ಬೇಕು," ಎಂದರು ಅಣ್ಣ.

"ನಂಗೇ ಪಾಠ ಹೇಳ್ತೀಯೇನಯ್ಯಾ?"

ನಿಮ್ಮ ಖರೀದಿ ಸಮಿತಿಯ ಒಬ್ಬ ಸದಸ್ಯರು ಬ್ಯಾಟರಿ ಹೋಗಿರಬೇಕೆಂದರು. ಇನ್ನೊಬ್ಬರು ಎದ್ದು ಪರದೆ ಎಳೆದು ದೀಪ ಆರಿಸಿದರು. ಪದವಿ ಪಡೆದ ಮೂವರು ಮಹನೀಯರು ಕತ್ತಲಲ್ಲಿ ಕೂತು ಗೋಡೆಯನ್ನು ದಿಟ್ಟಿಸಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. "ಒಂದ್ಸಲ ಕಣ್ಣಿಟ್ಟು ನೋಡಿ ಸಾರ್, ಏನು ಗಂಟು ಹೋಗುತ್ತೆ?" ಎಂದೆ. "ನೀವು ನಿಮ್ಮ ಗುಜರಿ ನೋಡ್ಕೊಳ್ಳಮ್ಮ," ಎಂದಿರಿ. ಚುಕ್ಕೆ ಮೂಡದ ದೋಷಯುಕ್ತ ಸಾಧನವೆಂದು ಅದನ್ನು ತಿರಸ್ಕರಿಸಿ, ಅದಕ್ಕಿಂತ ದುಬಾರಿಯಾದ ಲೇಸರ್ ದೀಪವೊಂದನ್ನು ತರಿಸಿದಿರಿ. ಅದರ ಚುಕ್ಕೆ ನಿಮ್ಮ ಗೋಡೆಯ ಮೇಲೆ ಚೆಂದವಾಗಿ ಬಿತ್ತು. ಅದನ್ನು ಕೂರಿಸಲೆಂದು ಬಂದೂಕಿನ ಹಳೆಯ ಗುರಿಕಡ್ಡಿಗಳನ್ನೂ ಕೀಳಿಸಿದಿರಿ. ನಟ್ಟನಡು ಮಧ್ಯಾಹ್ನದ ಬಿಸಿಲಲ್ಲಿ ಆ ಚುಕ್ಕೆ ಕಾಣುತ್ತದೆಯೇ ಎಂದು ನಿಮ್ಮ ಕಚೇರಿಯ ಮೆಟ್ಟಿಲಿಳಿದು ನೋಡುವ ವ್ಯವಧಾನ ಯಾರಿಗಿತ್ತು ಹೇಳಿ?

ಹುಚ್ಚುನಾಯಿ ನನ್ನ ಅಂಗಳಕ್ಕೆ ನುಗ್ಗಿದ್ದು ನಟ್ಟನಡು ಮಧ್ಯಾಹ್ನವೇ. ಎಲ್ಲಿಯದೋ ಬೀದಿನಾಯಿ. ನಾವೆಲ್ಲ ತೂಕದ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡೆವು. ಗೇಟಿನ ಹತ್ತಿರ ಕಟ್ಟಿಹಾಕಿದ್ದ ಕೆಂಪಿಯನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ಅಣ್ಣ ಬಂದರು, ಬಂದೂಕು ಎತ್ತಿದರು, ಹಾರಿಸಲಿಲ್ಲ. ಚುಕ್ಕೆ ಎಲ್ಲಿದೆಯೆಂದು ಹುಡುಕುತ್ತಿದ್ದರು. ಬಿಸಿಲಿಗೆ ತಗಡು, ಗಾಜು, ತಂತಿ ಎಲ್ಲ ಹೊಳೆಯುತ್ತಿರುವಾಗ ಆ ದರಿದ್ರ ದೀಪದ ಚುಕ್ಕೆ ಯಾರ ಕಣ್ಣಿಗೆ ಬೀಳಬೇಕು? "ಕಾಣ್ತಿಲ್ಲ ತಂಗೀ, ಏನೂ ಕಾಣ್ತಿಲ್ಲ!" ಎಂದು ಕೂಗಿದ್ದು ನನಗೆ ಕಿಟಕಿಯಿಂದ ಕೇಳಿಸಿತು. ಆ ನಾಯಿ ಕೆಂಪಿಯ ಕಡೆ ತಿರುಗಿದಾಗ ಅಂದಾಜಿನ ಮೇಲೆ ಹಾರಿಸಿದರು. ಗುಂಡು ಅದರ ಹಿಂಗಾಲಿಗೆ ತಗಲಿತು. ಆ ಹುಚ್ಚುನಾಯಿ ಕೆಂಪಿಯ ಕುತ್ತಿಗೆಗೆ ಬಾಯಿ ಹಾಕಿತು. ಅಣ್ಣ ಓಡಿಹೋಗಿ ಕಬ್ಬಿಣದ ಸರಳಿನಿಂದ ಹೊಡೆದು ಕೊಂದರು. ಅಷ್ಟರಲ್ಲಿ ಅವರ ಮುಂಗೈಯನ್ನೂ ಅದು ಕಚ್ಚಿತ್ತು.

ಅದಕ್ಕೆ ನೀವು ಕೊಟ್ಟ ಬಹುಮಾನವೇನು? ಗುರಿ ತಪ್ಪಿದ ನಿರ್ಲಕ್ಷ್ಯಕ್ಕಾಗಿ ಅಮಾನತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮ ಇಲಾಖೆಯಲ್ಲೇ ಹುಟ್ಟಿರಬೇಕು. ಅಣ್ಣನ ಚುಚ್ಚುಮದ್ದು ಮುಗಿದಿದೆ, ಅತ್ತಿಗೆಯ ಭಯ ಮುಗಿದಿಲ್ಲ. ಆತ ನೀರು ಕುಡಿಯುವಾಗಲೆಲ್ಲ ಆಕೆ ಕೈಕೆಲಸ ಬಿಟ್ಟು ನಿಂತು ಗಂಟಲನ್ನೇ ನೋಡುತ್ತಾಳೆ. ಅಷ್ಟು ಬಾಯಿ ಮಾಡುತ್ತಿದ್ದ ಮನುಷ್ಯ ಈಗ ಗೋಡೆಗೊರಗಿ ಕೂತಿರುತ್ತಾರೆ.

ಕೆಂಪಿಗೂ ಮದ್ದು ಹಾಕಿಸಿದೆ. ಹತ್ತಲಿಲ್ಲ. ಮೊನ್ನೆಯಿಂದ ಅವಳಿಗೆ ನೀರು ಇಳಿಯುತ್ತಿಲ್ಲ. ಕಿಟಕಿಯ ಕಂಬಿ ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ. ಬೊಗಳಿದರೆ ನನ್ನ ನಾಯಿಯ ದನಿಯೇ ಅಲ್ಲ. ಪಶುವೈದ್ಯರು ಬಂದು ನೋಡಿ, "ಸೂಜಿ ಹಾಕೋಕೆ ಒಳಗೆ ಹೋಗೋ ಹಾಗಿಲ್ಲಮ್ಮ, ಬಾಗಿಲು ಮಾತ್ರ ತೆಗೀಬೇಡಿ, ಕಿಟಕಿಯಿಂದ ಗುಂಡು ಹೊಡೆಸಿ," ಎಂದು ಹೋದರು. ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಇನ್ನೇನು ಎರಡು ಮೂರು ದಿನ, ತಾನಾಗೇ ಹೋಗುತ್ತೆ ಬಿಡಿ," ಎಂದು ಉತ್ತರ ಬಂತು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ನರಳುತ್ತಿದ್ದರೆ ಇದೇ ಮಾತು ಹೇಳುತ್ತೀರಾ?

ನಾನು ಕಚೇರಿಗೇ ಬಂದು ಕಿರುಚಾಡಿದ ಮೇಲೆ ನಿನ್ನೆ ಹೊಸಬನೊಬ್ಬನನ್ನು ಕಳಿಸಿದಿರಿ, ಅದೇ ಬಂದೂಕು, ಅದೇ ದೀಪ. ಕೋಣೆಯಲ್ಲಿ ಮಬ್ಬು ಬೆಳಕು. ಈ ಸಲ ಚುಕ್ಕೆ ಕಂಡಿತು ಸ್ವಾಮಿ, ನಿಮಗೆ ಬೇಕಾದ ಹಾಗೇ ಗೋಡೆಯ ಮೇಲೆ ಕಂಡಿತು. ಕೆಂಪಿಗೂ ಕಂಡಿತು. ಅದರ ಮೇಲೆ ಹಾರಿದಳು, ತಗಡಿಗೆ ಮುಖ ಬಡಿಯಿತು. ಅವನು ಕೈ ಅಲ್ಲಾಡಿಸಿದಂತೆ ಚುಕ್ಕೆ ಆ ಕಡೆ ಈ ಕಡೆ ಓಡಿತು, ಅವಳೂ ಅದರ ಹಿಂದೆ ಹಾರಿ ಹಾರಿ ಗೋಡೆ ಕಚ್ಚಿದಳು. ಒಂದು ಹಲ್ಲು ಮುರಿದು ನೆಲಕ್ಕೆ ಬಿತ್ತು. "ನಿಲ್ಸಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಸು," ಎಂದು ಅವನನ್ನು ಹಿಂದಕ್ಕೆ ಎಳೆದೆ. "ನಂಗೆ ಆಗಲ್ಲಕ್ಕಾ," ಎಂದು ಬಂದೂಕು ಹೆಗಲಿಗೇರಿಸಿಕೊಂಡು ಹೊರಟುಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲೆ ಇರುವ ಸಿಟ್ಟನ್ನು ಎಲ್ಲಿ ಇಳಿಸಲಿ ಎಂದು ಗೊತ್ತಾಗದೆ ಇಡೀ ದಿನ ಹಳೇ ಪಾತ್ರೆಗಳನ್ನು ಸುತ್ತಿಗೆಯಿಂದ ಚಚ್ಚುತ್ತಾ ಕೂತಿದ್ದೆ.

ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ನಿಮ್ಮ ಕಚೇರಿಯ ಗೇಟಿಗೂ ಅಂಟಿಸುತ್ತಿದ್ದೇನೆ. ನನ್ನ ಬೇಡಿಕೆ ದೊಡ್ಡದಲ್ಲ. ಇವತ್ತೇ ಅಮಾನತು ಹಿಂತೆಗೆದುಕೊಂಡು ಅಣ್ಣನ ಕೈಗೆ ಬಂದೂಕು ಕೊಡಿ. ಅಂಗಡಿಯವನು ಆ ಮೂರನೆಯ ಸಾಧನವನ್ನು ಪುಕ್ಕಟೆಯಾಗಿ ಎರವಲು ಕೊಡಲು ಒಪ್ಪಿದ್ದಾನೆ. ಅಣ್ಣನನ್ನೂ ಕೇಳಿದೆ. "ಬರ್ತೀನಿ. ಆದ್ರೆ ನೀನು ಅವಳನ್ನ ಮಾತಾಡಿಸ್ತಾ ಇರ್ಬೇಕು ತಂಗೀ. ನಿನ್ನ ದನಿಗೆ ಅವಳು ಒಂದು ಗಳಿಗೆ ನಿಲ್ತಾಳೆ," ಎಂದರು. ನಿಜ, ಈಗಲೂ ನನ್ನ ದನಿ ಕೇಳಿದರೆ ಕಂಬಿ ಬಿಟ್ಟು, ತಲೆ ಎತ್ತಿ ಒಂದು ಗಳಿಗೆ ನಿಲ್ಲುತ್ತಾಳೆ. ನಾನು ಕರೆಯುತ್ತೇನೆ. ಆ ಒಂದು ಗಳಿಗೆಯಲ್ಲಿ ತಪ್ಪದ ಗುರಿ ಬೇಕು, ಅಷ್ಟೇ.

ಈ ಪತ್ರ ನಿಮ್ಮ ಮೇಜು ಮುಟ್ಟುವ ಮೊದಲೇ ಅವಳು ಸತ್ತಿದ್ದರೆ, ದಯವಿಟ್ಟು ಅರ್ಜಿ ಇತ್ಯರ್ಥವಾಯಿತೆಂದು ಷರಾ ಬರೆಯಬೇಡಿ.

ಇಂತಿ,
ತನ್ನ ನಾಯಿಯನ್ನು ಸಾಯಲು ಕರೆಯುವುದಕ್ಕೆ ತಮ್ಮ ಅಪ್ಪಣೆ ಕಾಯುತ್ತಿರುವ
ಗುಜರಿಯವಳು