ಮಾಧುರಿಯ ದನಿ

ಚೆಂಬೂರು, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ಸುಖವಾಗಿ ತಲುಪಿದೆ. ಫೋನಿನಲ್ಲಿ ಹೇಳಿದರೆ ನಿನ್ನ ಪಕ್ಕದಲ್ಲಿರುವ ಅವ್ವನಿಗೂ ಕೇಳುತ್ತದೆಂದು ಈ ಕಾರ್ಡು.

ಅಕ್ಕನ ಮಗಳು ಮಾಧುರಿ ದಿನಾ ಬೆಳಿಗ್ಗೆ ಅವ್ವನೊಂದಿಗೆ ಮಾತಾಡುತ್ತಾಳಲ್ಲ, ಅದನ್ನು ಇಂದು ಕಣ್ಣಾರೆ ಕಂಡೆ. ಮೇಜಿನ ಮೇಲಿದ್ದ ಫೋನು ತಾನಾಗಿಯೇ ಅವಳ ದನಿಯಲ್ಲಿ, ನಮ್ಮ ಧಾರವಾಡದ ಮಾತಿನಲ್ಲಿ, "ಅಜ್ಜಿ, ಮೊಣಕಾಲಿಗೆ ಎಣ್ಣಿ ಹಚ್ಚಿದೇನು?" ಎಂದು ಅವ್ವನನ್ನು ಕೇಳುತ್ತಿತ್ತು. ಮಾಧುರಿ ಒಳಗೆ ಹಲ್ಲುಜ್ಜುತ್ತಿದ್ದಳು.

ಇದೇನೆಂದು ಕೇಳಿದ್ದಕ್ಕೆ ನಕ್ಕಳು. "ಮೌಶಿ, ನಂಗೆ ಅಷ್ಟು ಕನ್ನಡ ಕಹಾಂ ಬರ್ತದೆ? ನನ್ನ ದನಿಯಲ್ಲಿ ಮಾತಾಡೋ ಈ ಆ್ಯಪ್ ಒಂದಿನಾನೂ ಭೂಲ್ತಾ ನಹೀಂ, ಮರೆಯೋದೇ ಇಲ್ಲ. ಅಜ್ಜಿ ಖುಷ್ ಇದ್ದಾಳಲ್ಲ?"

"ಅಕೀಗೆ ಯಾವ ಕಾಲು ನೋಯ್ತದ, ಹೇಳು ನೋಡೂಣು" ಎಂದೆ.

"ಎರಡೂ?"

ಹುಡುಗಿ ಕೆಟ್ಟವಳಲ್ಲ. ನನ್ನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಲು ರಜೆ ಹಾಕಿದ್ದಳು. ಪೊರೆ ಇನ್ನೂ ಬಲಿತಿಲ್ಲವಂತೆ, ಆಪರೇಷನ್ ಸದ್ಯಕ್ಕಿಲ್ಲ. ಮರೆಯದಿರುವುದೇ ಒಳ್ಳೆಯತನವಾದರೆ ಆ ಯಂತ್ರ ನಮ್ಮೆಲ್ಲರಿಗಿಂತ ಒಳ್ಳೆಯದು. ಮೂಲವನ್ನು ನೋಡದೆಯೇ ಕಾದಂಬರಿಗಳ ಅನುವಾದಗಳನ್ನು ನಂಬಿ ಓದುವವಳು ನಾನು, ಒಬ್ಬರ ಮಾತನ್ನು ಇನ್ನೊಬ್ಬರು ಆಡುವುದು ನನಗೆ ಹೊಸದಲ್ಲ. ಆದರೂ ಹೆದರಿಕೆಯಾಗುತ್ತಿದೆ. ಈ ಮಾತುಗಳನ್ನು ನಂಬಿಯೇ ಅಲ್ಲವೆ ಅವ್ವ ಇಲ್ಲಿಗೆ ಬಂದು ಮಾಧುರಿಯ ಜೊತೆ ಇರಲು ಹೊರಟಿರುವುದು? ಟಿಕೆಟ್ ಈಗಲೇ ತೆಗೆಸಬೇಡ.

ಬರುವ ಭಾನುವಾರ ತಾನೇ ಮಾತಾಡುವುದಾಗಿ ಮಾಧುರಿ ಒಪ್ಪಿದ್ದಾಳೆ. ತಡವರಿಸುತ್ತಾಳೆ, ಅರ್ಧ ಹಿಂದಿ ಬೆರೆಸುತ್ತಾಳೆ. ಬೇರೆ ಯಾರೋ ಎಂದುಕೊಂಡು ಅವ್ವ ಫೋನ್ ಇಟ್ಟುಬಿಟ್ಟಾಳು. ನೀನು ಹತ್ತಿರವೇ ಕೂತು, ಇವಳೇ ನಮ್ಮ ಮಾಧುರಿ ಎಂದು ಅವ್ವನಿಗೆ ಹೇಳಬೇಕು.

ಅವಸರದಲ್ಲಿ,
ಶಿವಕುಮಾರಿ