ಒಡ್ಡಿನ ಮೇಲಿನ ಕಾಲುದಾರಿ

ಮೇ 3

ಕುರುಡು ನೀರಿನ ಕಥೆ ಮೊದಲು ಹೇಳಿದ್ದು ನನಗಿಂತ ಮುಂಚೆ ಈ ಒಡ್ಡು ಕಾಯುತ್ತಿದ್ದ ಅಜ್ಜ, ನಾನು ಕೆಲಸಕ್ಕೆ ಸೇರಿದ ದಿನ. ಇವತ್ತಿನ ರೌಂಡಿನಲ್ಲಿ ನೆನಪಾಯ್ತು. ಇಲಿ ಬಿಲ ಮುಚ್ಚಿಸಿದೆ. ಬುಡದಲ್ಲಿ ಜಿನುಗು ಇಲ್ಲ. ತೊಂದರೆ ಇರೋದು ನೆತ್ತಿಯಲ್ಲಿ. ಜನ ದಾಟಿ ದಾಟಿ ಒಂದು ಕಡೆ ಗೇಣು ಆಳ ತಗ್ಗಾಗಿದೆ. ನೆರೆ ಬಂದಾಗ ಮಾತ್ರ ನೀರು ನಿಲ್ಲುವ ಮಣ್ಣಿನ ಒಡ್ಡು. ಮಿಕ್ಕ ದಿನ ಹಿಂದೆ ಬರೀ ಹುಲ್ಲು. ಜನರ ಪಾಲಿಗೆ ಇದೊಂದು ದಿಬ್ಬ. ಹೊಲಿಗೆ ಫ್ಯಾಕ್ಟರಿಗೆ ಅಡ್ಡದಾರಿ.

ಇಂಜಿನಿಯರ್ ಮೇಡಂ ಬಂದಿದ್ದರು. "ತುಂಬಿದ ದಿನ ನೀರು ಮೊದಲು ಇಲ್ಲೇ ಹಾಯುತ್ತೆ. ಹಾಯ್ದರೆ ಮಣ್ಣು ಕೊಚ್ಚುತ್ತೆ, ಆಮೇಲೆ ಯಾರ ಕೈಲೂ ಹಿಡಿಯೋಕಾಗಲ್ಲ. ಮಣ್ಣು ತುಂಬಿ ಹುಲ್ಲು ಹಾಸಿ. ಮಳೆಗೆ ಮುಂಚೆ ಬೇರು ಬಿಡಬೇಕು."

ಕೆಳಗಿರೋದು ನಮ್ಮ ಬೀದಿಯೇ.

ಮೇ 9

ತುಂಬಿ, ರೋಲರ್ ಹೊಡೆಸಿ, ಹುಲ್ಲು ಹಾಸಿದ್ದಾಯ್ತು. ಹಗ್ಗ ಕಟ್ಟಿ ಬೋರ್ಡ್ ನೆಟ್ಟೆ. ಸಂಜೆ ಹೋಗಿ ನೋಡಿದರೆ ಬೋರ್ಡ್ ಕಿತ್ತು ಪಕ್ಕಕ್ಕೆ ಒರಗಿಸಿದ್ದಾರೆ, ಬಹಳ ಮರ್ಯಾದೆಯಿಂದ. ಹುಲ್ಲಿನ ತುಂಬ ಚಪ್ಪಲಿ ಗುರುತು. ಮುಂದಾಳು ನಮ್ಮ ಅತ್ತಿಗೆ — ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್.

"ನಾನು ಹೋದರೆ ಒಡ್ಡು ಕರಗುತ್ತಾ? ನಾನೇನು ಆನೆಯಾ?"

"ಆನೆ ಆಗಿದ್ರೆ ಒಂದು ಸಲ ಹೋಗಿ ಸುಮ್ಮನಾಗ್ತಿತ್ತು ಅತ್ತಿಗೆ. ನೀವು ದಿನಾ ಹೋಗಿ ಬರ್ತೀರಿ."

ಅಣ್ಣ ನಕ್ಕ. ಅವನಿಗೆ ಊಟ ತಡವಾಗಿ ಸಿಕ್ಕಿತು.

ಮೇ 22

ಹುಲ್ಲು ಅರ್ಧ ಸತ್ತಿದೆ. ಮತ್ತೆ ಹಾಸಿಸಿದೆ. ಬೇಡಿಕೊಂಡೆ, ಬೈದೆ... ಗೋಡೆಗೆ ಹೇಳಿದ ಹಾಗೆ. ಮಳೆ ಜೂನ್ ಮಧ್ಯಕ್ಕಂತೆ. ಇವತ್ತಿಂದ ಕಾಲಿಡದಿದ್ದರೆ ಬೇರು ಹಿಡಿದೀತು. ಇಟ್ಟರೆ ಇಲ್ಲ.

ಮೇ 23, ಸಂಜೆ

ಫ್ಯಾಕ್ಟರಿ ಬಿಟ್ಟು ಇಳಿದು ಬಂದವರನ್ನೆಲ್ಲ ಬುಡದಲ್ಲಿ ಕೂರಿಸಿದೆ. ಬೈಯಲಿಲ್ಲ. ಅಜ್ಜನ ಕಥೆ ಹೇಳಿದೆ.

ನೀರಿಗೆ ಕಣ್ಣಿಲ್ಲವಂತೆ. ಒಡ್ಡಿಗೆ ಬಂದು ಒಂದು ತುದಿಯಿಂದ ಕೈಯಾಡಿಸುತ್ತಾ ಹೊರಟಿತಂತೆ. ಇಲ್ಲಿ ಹುಲ್ಲು, ಇಲ್ಲಿ ಹುಲ್ಲು, ಎಲ್ಲೂ ಬಾಗಿಲಿಲ್ಲ. ಇನ್ನೇನು ಹಿಂದಿರುಗಬೇಕು, ಜನ ನಡೆದು ನುಣ್ಣಗಾದ ಜಾಗ ಕೈಗೆ ಸಿಕ್ಕಿತಂತೆ. 'ಇಷ್ಟು ಜನ ಹೋಗಿದ್ದಾರೆ ಅಂದಮೇಲೆ ಊರಿಗೆ ದಾರಿ ಇದೇ' ಅಂದುಕೊಂಡು ಇಳಿದೇ ಬಿಟ್ಟಿತಂತೆ.

"ಅವಾಗ ಊರಿನವರೆಲ್ಲಿದ್ರು?" ಅತ್ತಿಗೆ ಕೇಳಿದರು.

"ಮನೇಲಿ. ಮಲಗಿದ್ರು."

ಎಲ್ಲರೂ ಸೆರಗು ಕೊಡವಿಕೊಂಡು ಎದ್ದು ಹೋದರು.

ಮೇ 24, ಬೆಳಿಗ್ಗೆ

ಹೊಸ ಹುಲ್ಲಿನ ಮೇಲೆ ಒಂದು ಹೆಜ್ಜೆಯೂ ಇಲ್ಲ. ಬೋರ್ಡ್ ನೆಟ್ಟಗೆ ನಿಂತಿದೆ. ಖುಷಿಯಿಂದ ತಲೆ ಎತ್ತಿ ನೋಡಿದೆ.

ಒಡ್ಡಿನ ಉದ್ದಕ್ಕೂ ಜನ. ಈ ತುದಿಯಿಂದ ಆ ತುದಿಯವರೆಗೆ, ಒಬ್ಬೊಬ್ಬರು ಒಂದೊಂದು ಕಡೆ ಹತ್ತುತ್ತಿದ್ದಾರೆ. ನಡುವೆ ಅತ್ತಿಗೆ, ಚಪ್ಪಲಿ ಕೈಯಲ್ಲಿ ಹಿಡಿದು.

"ಹರಡಿಕೊಂಡು ಹೋಗ್ತಿದ್ದೀವಿ ಕಣಪ್ಪ," ಅಂತ ಕೂಗಿದರು. "ನಾಳೆ ಜಾಗ ಬದಲಾಯಿಸ್ತೀವಿ. ನೀರಿಗೆ ಎಲ್ಲಿಂದ ಗೊತ್ತಾಗಬೇಕು?"

ಅಷ್ಟರಲ್ಲಿ ಮೇಡಂ ಫೋನ್. ಆ ಕಾಲುದಾರಿ ನಿಂತಿತಾ?

ನಿಂತಿತು ಮೇಡಂ, ಅಂದೆ. ಆದರೆ ಈಗ —