ಎಡಕ್ಕೆ ಎಳೆಯುವ ಗಾಡಿ

ಮನೆಯ ಹಿಂದಿನ ಶೆಡ್ಡಿನಿಂದ,
ಭಾನುವಾರ, ಮಾರ್ಚ್ ೯

ಮಗರಾಯನಿಗೆ ಅಪ್ಪನ ಆಶೀರ್ವಾದ. ಬೇಡವೆನಿಸಿದರೆ ಪಕ್ಕಕ್ಕಿಟ್ಟು ಮುಂದಕ್ಕೆ ಓದು.

ನಿನ್ನ ಬೆನ್ನು ಹೇಗಿದೆ? ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಎತ್ತಿ ಸೊಂಟ ಹಿಡಿದುಕೊಂಡಿದೆ ಎಂದು ನಿನ್ನ ಅಮ್ಮ ಹೇಳಿದಳು. ಡ್ರೈವಿಂಗ್ ಕಲಿತವನು ಹಮಾಲಿ ಮಾಡಿದರೆ ಸೊಂಟ ಇನ್ನೇನು ಮಾಡೀತು. ಬಿಸಿನೀರಿನ ಶಾಖ ಕೊಡು, ನೆಲದ ಮೇಲೆ ಮಲಗು. ಅಮ್ಮನ ಮಣಿಕಟ್ಟು ಕೂಡಿಕೊಂಡಿದೆ, ಆದರೆ ಒದ್ದೆ ಬೆಡ್‌ಶೀಟು ಹಿಂಡುವಾಗ ಈಗಲೂ ನೋಯುತ್ತದೆ. ನೋಯುವುದಿಲ್ಲ ಎಂದು ಅವಳು ನಿನಗೆ ಫೋನಿನಲ್ಲಿ ಹೇಳುವುದು ಸುಳ್ಳು. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಡುತ್ತೀಯ, ಹದಿನಾಲ್ಕು ತಿಂಗಳಿಂದ ಇದೇ ಆಯಿತು. ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಓದಿಯೇ ಹರಿಯುತ್ತೀಯ ಎಂದು ನನಗೆ ಗೊತ್ತು, ಆ ಕುತೂಹಲ ನಿನಗೆ ಅಮ್ಮನ ಕಡೆಯಿಂದ ಬಂದದ್ದು.

ನಿನ್ನ ಅಕ್ಕ, ಭಾವ ಹತ್ತು ದಿನದ ಮಟ್ಟಿಗೆ ಬಂದಿದ್ದಾರೆ. ಅಕ್ಕ ಬಂದದ್ದು ಸಂತೋಷ. ಭಾವನ ವಿಷಯಕ್ಕೆ ಬರೋಣ. ಎದುರಿಗೆ ನೀವು, ತಾವು ಎಂದು ನಾಲಿಗೆ ಸವೆಸಿಕೊಳ್ಳುತ್ತೇನೆ. ಕಾಗದದಲ್ಲಾದರೂ ಅವನು, ಇವನು ಎಂದು ಬರೆಯುವ ಸುಖ ನನಗಿರಲಿ. ಕನ್ನಡಕದ ಅಂಗಡಿ ಇಟ್ಟುಕೊಂಡವನು. ಎಳ್ಳು ಕಾಳಿನಷ್ಟು ಸ್ಕ್ರೂ ತಿರುಗಿಸಿಕೊಂಡು ಹೊಟ್ಟೆ ಹೊರೆಯುವವನು. ಬಂದ ಎರಡನೇ ದಿನ ಅಮ್ಮನ ಲಾಂಡ್ರಿಯ ಗಂಟುಗಳನ್ನು ವಸತಿಗೃಹಕ್ಕೆ ತಲುಪಿಸಿ ಬರುತ್ತೇನೆಂದು ನಮ್ಮ ಪಿಕಪ್ ತೆಗೆದುಕೊಂಡು ಹೋದ. ವಾಪಸು ಬಂದವನೇ ಕೀಲಿಯನ್ನು ಮೇಜಿನ ಮೇಲಿಟ್ಟು, "ಮಾವ, ಬ್ರೇಕ್ ಒತ್ತಿದ್ರೆ ಗಾಡಿ ಎಡಗಡೆ ಎಳೆಯುತ್ತೆ. ಮುಂದುಗಡೆ ಲೊಡಲೊಡ ಅಂತಾನೂ ಅನ್ನುತ್ತೆ. ಬುಷ್ ಹೋಗಿರಬೇಕು" ಎಂದ. ನಲವತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಬದುಕಿದವನಿಗೆ ಇವನು ಬುಷ್ ಎಂಬ ಪದ ಹೇಳಿಕೊಡುತ್ತಾನೆ. ನಾನು ಪೇಪರಿನಿಂದ ಕಣ್ಣು ತೆಗೆಯಲಿಲ್ಲ. "ಇಪ್ಪತ್ತೆರಡು ವರ್ಷದ ಗಾಡಿ, ಅದು ಲೊಡಲೊಡ ಅನ್ನದೆ ಹಾಡು ಹೇಳುತ್ತಾ" ಎಂದೆ. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಅವಳಿಗೆ ಏನು ನೆನಪಾಯಿತು ಎಂದು ನಿನಗೂ ಗೊತ್ತು, ನನಗೂ ಗೊತ್ತು.

ನೆನಪಿಲ್ಲ ಎಂದು ನಾಟಕ ಮಾಡುವುದು ಬೇಡ. ನೀನೂ ಇದೇ ಮಾತನ್ನು ಮೂರು ಸಲ ಹೇಳಿದ್ದೆ. ಮೂರನೇ ಸಲ ನಾನು, "ಗಾಡಿ ಎಳೆಯಲ್ಲ, ನಿನ್ನ ಕೈ ಎಳೆಯುತ್ತೆ" ಎಂದಿದ್ದೆ, ನಿನ್ನ ಗೆಳೆಯರ ಎದುರಿಗೇ. ಅದಾದ ವಾರಕ್ಕೆ ನೀನು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಾಗ ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದೆ, ಗಾಡಿ ಹೋಗಿ ಹಾಲಿನ ಡೈರಿಯ ಗೋಡೆಗೆ ಮುಖ ಕೊಟ್ಟಿತು. ಒಗೆದ ಬಟ್ಟೆಯೆಲ್ಲ ಚರಂಡಿ ಸೇರಿತು, ಅಮ್ಮನ ಮಣಿಕಟ್ಟು ಮುರಿಯಿತು. ನಾಯಿಗೆ ಮಾತ್ರ ಏನೂ ಆಗಲಿಲ್ಲ. ಆಮೇಲೆ ನಾನು ನಿನಗೆ ಅಂದದ್ದನ್ನು ಮತ್ತೆ ಬರೆಯಲು ಈ ಕಾಗದದಲ್ಲಿ ಜಾಗವಿಲ್ಲ. ಶಾಲೆಯ ಬಸ್ಸಿನ ಡ್ರೈವರ್ ಕೆಲಸ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಎರಡು ವಾರ ಮುಖ ಬಾಡಿಸಿಕೊಂಡಿದ್ದು, ಮೂರನೇ ವಾರ ನೀನು ಚೀಲ ಕಟ್ಟಿದೆ. ಆ ದಿನದಿಂದ ಅಮ್ಮ ಆ ಗಾಡಿಯಲ್ಲಿ ಕೂರುವುದಿಲ್ಲ. ಎಷ್ಟು ದೂರವಾದರೂ ನಡೆಯುತ್ತಾಳೆ. ಕೇಳಿದರೆ, "ನನ್ನ ಮಗ ಓಡಿಸಲಿ, ಕೂರ್ತೀನಿ" ಎನ್ನುತ್ತಾಳೆ. ಹಟದಲ್ಲಿ ತಾಯಿ ಮಗ ಇಬ್ಬರೂ ಒಂದೇ ಅಚ್ಚು.

ಇರಲಿ, ಕನ್ನಡಕದವನ ಪ್ರತಾಪ ಕೇಳು. ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದರೆ ಇವನು ನೀಲಿ ಕೈಗವಸು ಹಾಕಿಕೊಂಡು, ಹಳೇ ಚಾಪೆ ಹಾಸಿ, ಅದರ ಮೇಲೆ ಸ್ಪ್ಯಾನರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುತ್ತಿದ್ದಾನೆ. ಆಪರೇಷನ್ ಮಾಡುವ ಡಾಕ್ಟರೂ ಅಷ್ಟು ಬಿನ್ನಾಣ ಮಾಡುವುದಿಲ್ಲ. ಕೈಗವಸು ಹಾಕಿದ ಮೆಕ್ಯಾನಿಕ್ಕನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಒಂದು ಬೋಲ್ಟು ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಫೋಟೋ. ಬಿಚ್ಚಿದ ಮೇಲೆ ಮತ್ತೆ ಎರಡು. ಬೋಲ್ಟು ಮೊದಲು ಎಲ್ಲಿತ್ತೋ ಅಲ್ಲೇ ಕೂರಬೇಕಂತೆ, ಅದಕ್ಕೆ ನಿನ್ನ ಅಕ್ಕನ ಉಗುರು ಬಣ್ಣ ತಂದು ಗೆರೆ ಎಳೆದ. ನಮ್ಮ ಪಿಕಪ್ಪಿನ ಹೊಟ್ಟೆಯ ಕೆಳಗೆ ಗುಲಾಬಿ ಬಣ್ಣ ನೋಡುವ ಯೋಗ ನನಗಿತ್ತು. ನಾನು ಸ್ಟೂಲು ಹಾಕಿಕೊಂಡು ಕೂತು, ಚಹಾ ಕುಡಿಯುತ್ತಾ, ಮನರಂಜನೆ ಎಂದುಕೊಂಡು ನೋಡಿದೆ. ಹಳೇ ಬುಷ್ ಹೊರಗೆ ತೆಗೆಯುವುದಕ್ಕೆ ನಾನಾಗಿದ್ದರೆ ಬೆಂಕಿ ಕೊಟ್ಟು ರಬ್ಬರ್ ಸುಟ್ಟು ನಾಲ್ಕು ಸುತ್ತಿಗೆ ಏಟಲ್ಲಿ ಮುಗಿಸುತ್ತಿದ್ದೆ. ಇವನು ಉದ್ದದ ಬೋಲ್ಟು, ಪೈಪಿನ ತುಂಡು, ವಾಷರು ಸೇರಿಸಿ ಏನೋ ಯಂತ್ರ ಮಾಡಿ, ಕಾಲು ಕಾಲು ಸುತ್ತು ತಿರುಗಿಸಿ, ಅರ್ಧ ದಿನಕ್ಕೆ ಒಂದನ್ನು ಈಚೆ ತೆಗೆದ. ಹಲ್ಲಿನ ಡಾಕ್ಟರಾಗಿದ್ದರೆ ರೋಗಿ ಕುರ್ಚಿಯಲ್ಲೇ ಮುದುಕನಾಗುತ್ತಿದ್ದ.

ಬುಷ್ ಎಂದರೆ ನಿನಗೆ ಗೊತ್ತೇ ಇದೆ, ಚಕ್ರ ಹಿಡಿದಿರುವ ತೋಳು ಗಾಡಿಯ ಮೈಗೆ ಸೇರುವ ಕಡೆ, ಎರಡು ಕಬ್ಬಿಣದ ಬಳೆಗಳ ನಡುವೆ ಕೂರುವ ರಬ್ಬರು. ಅದನ್ನು ಇವನು ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಮಸೂರ ಪರೀಕ್ಷೆ ಮಾಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಇನ್ನೊಂದನ್ನೂ ತೆಗೆದು ಪಕ್ಕದಲ್ಲಿಟ್ಟ. "ಇದು ಹಳೇದಾಗಿ ಹೋಗಿದ್ದಲ್ಲ ಮಾವ. ತಯಾರಾದ ತಾರೀಖು ಇಲ್ಲೇ ಇದೆ, ಎರಡು ವರ್ಷಾನೂ ಆಗಿಲ್ಲ. ಎರಡೂ ಒಂದೇ ಥರ ತಿರುಚಿಕೊಂಡು ಹರಿದಿವೆ, ಎಡಗಡೇದು ಜಾಸ್ತಿ. ಚಕ್ರ ಗಾಳೀಲಿ ತೂಗ್ತಿರುವಾಗಲೇ ಬೋಲ್ಟು ಬಿಗಿದುಬಿಟ್ಟಿದ್ದಾರೆ" ಎಂದ. ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಗಾಡಿಯ ಜೊತೆ ಬಂದ ಪುಸ್ತಕ, ಇಪ್ಪತ್ತೆರಡು ವರ್ಷ ಪ್ಲಾಸ್ಟಿಕ್ ಹೊದಿಕೆಯಲ್ಲೇ ಬೆಚ್ಚಗಿದ್ದದ್ದು, ಅದನ್ನು ತೆರೆದು ಓದಿಯೇ ಹೇಳಿದ. ಜಾಕಿನ ಮೇಲೆ ಬರೀ ಸಡಿಲವಾಗಿ ಕೂರಿಸಬೇಕು, ಗಾಡಿ ಇಳಿಸಿ ಪೂರ್ತಿ ಭಾರ ಬಿದ್ದ ಮೇಲೇ ಬಿಗಿಯಬೇಕು. ಮೊದಲೇ ಬಿಗಿದರೆ ಇಳಿಸಿದ ಗಳಿಗೆಯಿಂದಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಒದ್ದೆ ಬಟ್ಟೆಯ ಭಾರ ಹೊರುವ ಗಾಡಿಯಲ್ಲಿ ಕೆಲವೇ ತಿಂಗಳಿಗೆ ಹರಿಯುತ್ತದೆ, ಬ್ರೇಕ್ ಹಾಕಿದಾಗ ಚಕ್ರ ಪಕ್ಕಕ್ಕೆ ಜರುಗುತ್ತದೆ. ಓದಿ ಮುಗಿಸಿ ಕನ್ನಡಕ ಮೇಲೇರಿಸಿಕೊಂಡು, "ಇದನ್ನ ಹಾಕಿದ್ದು ಯಾರು ಮಾವ?" ಎಂದ.

ಪೇಟೆಯ ಯಾವನೋ ಗ್ಯಾರೇಜಿನವನು ಎಂದೆ. ಅವನ ಅಜ್ಞಾನವನ್ನು ಹತ್ತು ನಿಮಿಷ ಬೈದೆ. ಭಾರ ಬಿದ್ದ ಮೇಲೆ ಗಾಡಿಯ ಕೆಳಗೆ ನುಗ್ಗುವುದಕ್ಕೆ ಇಂಥವರಿಗೆ ಹೊಟ್ಟೆ ಅಡ್ಡ ಬರುತ್ತದೆ, ಮೇಲಿರುವಾಗ ಕೈಗೆ ಸಲೀಸಾಗಿ ಸಿಗುತ್ತದೆಂದು ಬಿಗಿದು ಕೈ ತೊಳೆದುಕೊಳ್ಳುತ್ತಾರೆ, ನಲವತ್ತು ವರ್ಷ ಮಾಡಿದರೂ ಇಂಥವರು ಕಲಿಯುವುದಿಲ್ಲ, ಓದು ಬರಹ ಬಂದರೂ ಪುಸ್ತಕ ತೆರೆಯಲು ಜಂಬ ಬಿಡುವುದಿಲ್ಲ ಎಂದೆಲ್ಲ ಅಂದೆ. ಚೆನ್ನಾಗಿಯೇ ಬೈದೆ. ಕನ್ನಡಕದವನು ತಲೆಯಾಡಿಸುತ್ತಾ ಕೇಳಿಕೊಂಡ. ಬಾಗಿಲ ಹತ್ತಿರ ಅಮ್ಮ ಬಕೆಟ್ಟು ಹಿಡಿದು ನಿಂತಿದ್ದಳು. ಬಕೆಟ್ಟನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ನಿನ್ನೆ ಕೆಲಸ ಮುಗಿಯಿತು. ಹೊಸ ಬುಷ್ ಕೂರಿಸಿ, ಚಕ್ರ ಹಾಕಿ, ಜಾಕು ಇಳಿಸಿ, ಮುಂದಕ್ಕೆ ಹಿಂದಕ್ಕೆ ಒಂದಿಷ್ಟು ಉರುಳಿಸಿ, ಆಮೇಲೆ ಇವನು ಆ ಇಕ್ಕಟ್ಟಿನಲ್ಲಿ ಹಾವಿನ ಹಾಗೆ ತೂರಿಕೊಂಡು ಬಿಗಿ ಮಾಡಿದ. ಬೇಕಾದಷ್ಟು ಬಿಗಿಯಾದ ಕೂಡಲೇ ಕಟಕ್ ಎಂದು ತಾನೇ ಹೇಳುವ ಸ್ಪ್ಯಾನರು ಬೇರೆ, ಯಾರದೋ ಹತ್ತಿರ ಎರವಲು ತಂದದ್ದು. ಪ್ರತಿ ಕಟಕ್ಕಿಗೂ ಒಳಗಿನಿಂದ ನನಗೆ ವರದಿ. ನಾಲ್ಕು ದಿನದಲ್ಲಿ, ನಾನು ಮಧ್ಯಾಹ್ನದೊಳಗೆ ಮುಗಿಸುವ ಕೆಲಸ. ಖಾಲಿ ರಸ್ತೆಯಲ್ಲಿ ನಾನೇ ಓಡಿಸಿ, ಸ್ಟೇರಿಂಗಿನಿಂದ ಕೈ ಬಿಟ್ಟು, ಜೋರಾಗಿ ಬ್ರೇಕ್ ಒತ್ತಿದೆ. ಗಾಡಿ ನೆಟ್ಟಗೆ ನಿಂತಿತು. ಐದು ಸಲ ಒತ್ತಿದೆ, ಐದು ಸಲವೂ ನೆಟ್ಟಗೆ ನಿಂತಿತು.

ಅಕ್ಕ ನಿನ್ನನ್ನು ಕೇಳಿದಳು. ಅವಳ ಗಂಡನೂ ಕೇಳಿದ, ಅದನ್ನೂ ಬರೆಯದಿದ್ದರೆ ಅವಳು ನನ್ನನ್ನು ಬಿಡುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಆ ಸೊಂಟವನ್ನು ಯಾರಿಗಾದರೂ ತೋರಿಸು. ದೇವರು ನಿನಗೆ ನನಗಿಂತ ಒಳ್ಳೆಯ ಬುದ್ಧಿ ಕೊಟ್ಟಿದ್ದಾನೆ, ಅದನ್ನು ಹಾಗೇ ಕಾಪಾಡಲಿ.

ನಿನ್ನ ಅಪ್ಪ

ಮರೆತಿದ್ದು: ಟಪಾಲಿಗೆ ಹಾಕುವ ಮೊದಲು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದೆ. ಪೇಟೆಯ ಗ್ಯಾರೇಜಿನವನು ಯಾರೂ ಇಲ್ಲ ಎಂದು ನಿನಗೆ ಗೊತ್ತು. ಆ ಬುಷ್ ಹಾಕಿದವನು ನಾನು, ಗಾಳಿಯಲ್ಲಿ ಬಿಗಿದವನೂ ನಾನು. ಗಾಡಿ ಎಳೆಯುತ್ತಿತ್ತು, ನಿನ್ನ ಕೈ ಅಲ್ಲ. ಅಮ್ಮನ ಕೈ ಮುರಿದದ್ದು ನನ್ನಿಂದ. ನಿನಗೆ ಗೊತ್ತಿಲ್ಲದ ಇನ್ನೊಂದಿದೆ. ಶಾಲೆಯವರು ನಿನ್ನನ್ನು ತಾವಾಗಿ ಬೇಡ ಎನ್ನಲಿಲ್ಲ. ಗೋಡೆಗೆ ಗುದ್ದಿದ ಮಾರನೇ ದಿನ ನಾನೇ ಹೋಗಿ ಮೇನೇಜರಿಗೆ, "ಇವನ ಕೈಗೆ ಮಕ್ಕಳನ್ನ ಕೊಡಬೇಡಿ" ಎಂದು ಹೇಳಿ ಬಂದಿದ್ದೆ. ನಿನ್ನೆ ಬ್ರೇಕ್ ನೋಡಿದ ಮೇಲೆ ನೇರವಾಗಿ ಆ ಮೇನೇಜರ ಮನೆಗೆ ಹೋದೆ, ಹರಿದ ಬುಷ್ ಎರಡನ್ನೂ ಮೇಜಿನ ಮೇಲಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎರಡನ್ನೂ ತಿರುಗಿಸಿ ನೋಡಿದರು. ಬರುವ ತಿಂಗಳು ಒಬ್ಬ ಡ್ರೈವರ್ ನಿವೃತ್ತಿಯಾಗುತ್ತಾನೆ, ಹುಡುಗ ಬಂದು ಓಡಿಸಿ ತೋರಿಸಲಿ ಎಂದರು. ಅಮ್ಮನಿಗೂ ಹೇಳಿದೆ. ಅವಳು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಕನ್ನಡಕದವನಿಗೆ ಹೇಳಿದರೆ "ಗೊತ್ತಿತ್ತು ಮಾವ" ಎಂದ, ಅವತ್ತು ಆ ಹತ್ತು ನಿಮಿಷದ ಬೈಗುಳವನ್ನು ತಲೆಯಾಡಿಸಿಕೊಂಡು ಕೇಳಿದ್ದು ಗೊತ್ತಿದ್ದೇ ಅಂತೆ, ಅವನನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ. ಉತ್ತರ ನನಗೆ ಬರೆಯಬೇಡ, ಅಮ್ಮನಿಗೆ ಹೇಳಿದರೆ ಸಾಕು. ಕೋಪ ಬಿಟ್ಟು ಬಾ ಎನ್ನುವ ಮುಖ ನನಗಿಲ್ಲ. ಕೋಪ ಇಟ್ಟುಕೊಂಡೇ ಬಾ.